ಅರಬಿ ತಂದಿಲ್ಲ

ಕಳೆದ ರವಿವಾರ ಮಹಾಕೂಟದ ವಿಷ್ಣು ಪುಷ್ಕರಣಿಯ ಮೆಟ್ಟಿಲ ಮೇಲೆ ನಿಂತು ನಾನೊಂದು ಸುಳ್ಳು ಹೇಳಿದೆ. ಎರಡೇ ಶಬ್ದದ ಸುಳ್ಳು. ಇಂದು ಗುರುವಾರ, ರೊಟ್ಟಿ ಬಡಿಯುವಾಗಲೂ, ರಾತ್ರಿ ದೀಪ ಆರಿಸಿದ ಮೇಲೂ ಅದೇ ನೆನಪಾಗುತ್ತಿದೆ.

ವಿಜಯಪುರದ ಬಿಸಿಲಿಗೆ ಬೇಸತ್ತು ನಾವು ಮೂವರೂ ಬಾದಾಮಿಗೆ ಹೋಗಿ, ಒಂದು ರಾತ್ರಿ ಉಳಿದು, ಮರುದಿನ ಬೆಳಿಗ್ಗೆ ಮಹಾಕೂಟ ಮುಟ್ಟಿದ್ದೆವು. ನಾನು ಇತಿಹಾಸ ಕಲಿಸುವವಳಾದ್ದರಿಂದ ಗುಡಿ ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ಮಹಾಕೂಟೇಶ್ವರ ಗುಡಿಯ ಮುಖಮಂಟಪದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ (696–733) ಕನ್ನಡ ಶಾಸನವಿದೆ. ಅರಸನ ಪ್ರಾಣವಲ್ಲಭೆ ವಿನಾಪೋಟಿಯು ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದ ಸಂಗತಿ ಅದರಲ್ಲಿದೆ. ಆ ಹೆಣ್ಣುಮಗಳನ್ನು ಶಾಸನವು ಗುರುತಿಸುವುದು ತಾಯಿ, ಅಜ್ಜಿಯರ ಹೆಸರಿನಿಂದ ಎಂದು ನಾನು ಮಗಳಿಗೆ ಉತ್ಸಾಹದಿಂದ ವಿವರಿಸುತ್ತಿದ್ದೆ. ಅಷ್ಟರಲ್ಲಿ ಪುಷ್ಕರಣಿಯ ಕಡೆಯಿಂದ ‘ಧುಡುಂ’ ಎಂಬ ಸದ್ದು ಬಂತು, ಮಗಳು ಓಡಿಬಿಟ್ಟಳು. ಸಾವಿರದ ಮುನ್ನೂರು ವರ್ಷದ ಶಾಸನಕ್ಕಿಂತ ಆ ಸದ್ದಿಗೆ ಹೆಚ್ಚು ಬಲವಿತ್ತು.

ನೋಡದವರಿಗಾಗಿ ಹೇಳುವುದಾದರೆ, ಅದು ಗುಡಿಗಳ ನಡುವೆ, ಮರಗಳ ನೆರಳಿನಲ್ಲಿರುವ ಕಲ್ಲು ಕಟ್ಟಿದ ಹೊಂಡ. ಬುಗ್ಗೆಯ ನೀರು ಒಂದೆಡೆ ಬಂದು ಇನ್ನೊಂದೆಡೆ ಹರಿದುಹೋಗುವುದರಿಂದ, ಯಾವ ಔಷಧವನ್ನೂ ಬೆರೆಸದೆಯೇ ತಳದ ಕಲ್ಲು ಕಾಣುವಷ್ಟು ತಿಳಿಯಾಗಿರುತ್ತದೆ. ಒಳಗೊಂದು ಪುಟ್ಟ ಮಂಟಪ, ಅದರಲ್ಲಿ ಮುಖಲಿಂಗ. ದರ್ಶನಕ್ಕೆ ಬಂದವರು ಮೀಯುವುದೂ ಹುಡುಗರು ಕಟ್ಟೆಯಿಂದ ಹಾರುವುದೂ ಅಲ್ಲಿ ಒಟ್ಟೊಟ್ಟಿಗೇ ನಡೆಯುತ್ತವೆ. ಮೆಟ್ಟಿಲ ಮೇಲೆ ಶಾಂಪೂ ಚೀಟಿಗಳನ್ನು ಎಸೆದು ಹೋಗುವ ಭಕ್ತರ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಹಾರಿದ್ದು ಹುಡುಗನಲ್ಲ. ಅರವತ್ತು ದಾಟಿದ್ದ ಒಬ್ಬ ಅಜ್ಜಿ, ಇಳಕಲ್ ಸೀರೆಯ ಕಚ್ಚೆ ಬಿಗಿದು, ನೀರಿನಿಂದ ಮೇಲೆದ್ದು ಮುಖ ಒರೆಸಿಕೊಳ್ಳುತ್ತಿದ್ದಳು. ಆಕೆಯ ಮಗಳು ಎದೆಮಟ್ಟದ ನೀರಿನಲ್ಲಿ ನಿಂತಿದ್ದಳು; ಮೊಮ್ಮಗಳ ಬೆನ್ನಿಗೆ ಎಣ್ಣೆಯ ಐದು ಲೀಟರಿನ ಖಾಲಿ ಡಬ್ಬಿಯನ್ನು ಹಳೆಯ ದಾವಣಿಯಿಂದ ಕಟ್ಟಲಾಗಿತ್ತು. ನನ್ನ ಮಗಳು ನಗರದ ಈಜುಕೊಳವೊಂದರಲ್ಲಿ ಎರಡು ತಿಂಗಳು ಟೋಪಿ, ಕನ್ನಡಕ ಹಾಕಿಕೊಂಡು ಕಲಿತವಳು. ಅಲ್ಲಿ ಗೋಡೆಯ ಮೇಲೆ ಆಳದ ಅಂಕಿ ಬರೆದಿರುತ್ತದೆ, ಇಲ್ಲಿ ಇರಲಿಲ್ಲ. “ಎಷ್ಟು ಫೂಟ್ ಐತಿ?” ಎಂದು ಅವಳು ಕೇಳಿದ್ದಕ್ಕೆ ಅಜ್ಜಿ, “ಫೂಟ್ ಯಾಕ ಬೇಕವ್ವಾ? ಕಾಲ ಹತ್ತಿದ್ರ ನಿಂದರೂದು, ಹತ್ತಲಿಲ್ಲಂದ್ರ ಈಸೂದು” ಎಂದಳು. ನನ್ನ ಮಗಳು ಎರಡು ಸಲ ಹಿಂದೆ ಸರಿದು, ಮೂರನೆಯ ಸಲ ಮೂಗು ಹಿಡಿದುಕೊಂಡು ಹಾರಿದಳು. ಕಾಯುವವರಿಲ್ಲದ, ಪಾಚಿಗಟ್ಟಿದ ಮೆಟ್ಟಿಲುಗಳ ಹೊಂಡವನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಆದರೆ ಆ ಅರ್ಧ ಗಂಟೆಯಲ್ಲಿ ಅವಳು ಕೈಬೀಸಿದ ರೀತಿಯೇ ಬೇರೆಯಾಗಿತ್ತು.

ಯಜಮಾನರು ಮರದ ಕೆಳಗೆ ಕುಳಿತು, ತಾವೂ ಇಳಿಯದೆ, ಇಳಿದವರಿಗೆಲ್ಲ ಸಲಹೆ ಕೊಡುತ್ತಿದ್ದರು. ಅದು ಅವರ ಹುಟ್ಟುಗುಣ.

ಆಗ ಅಜ್ಜಿ ನನ್ನ ಕಡೆ ತಿರುಗಿದಳು. “ನೀ ಯಾಕ ದಂಡಿ ಮ್ಯಾಲ ನಿಂತಿ ಯವ್ವಾ? ಈಸಾಕ ಬರಂಗಿಲ್ಲೇನು?”

“ಅರಬಿ ತಂದಿಲ್ರಿ,” ಎಂದೆ. ಅರಬಿ ಎಂದರೆ ನಮ್ಮ ಕಡೆ ಬಟ್ಟೆ.

ಕೇಳಿದ್ದೇನು, ನಾನು ಹೇಳಿದ್ದೇನು! ಬರುವುದಿಲ್ಲ ಎಂದಿದ್ದರೆ ಆಕೆ ನಗುತ್ತಲೂ ಇರಲಿಲ್ಲ, ಬಹುಶಃ ಕೈ ಚಾಚುತ್ತಿದ್ದಳು. ಕೃಷ್ಣಾ, ಭೀಮಾ, ಘಟಪ್ರಭಾ, ಮಲಪ್ರಭಾ, ಡೋಣಿ ಎಂಬ ಐದು ನದಿಗಳ ಹೆಸರನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವ ನನಗೆ, 1997ರಲ್ಲಿ ಎರಡಾಗುವ ಮೊದಲಿನ ಅಖಂಡ ವಿಜಾಪುರ ಜಿಲ್ಲೆಯಲ್ಲಿ ಹುಟ್ಟಿದ ನನಗೆ, ನಾಲ್ಕು ಮಾರು ಈಸಲು ಬರುವುದಿಲ್ಲ. ಬಾರದ್ದಕ್ಕೆ ಕಾರಣವೂ ಅರಬಿಯೇ. ಬೇಸಿಗೆ ಬಂತೆಂದರೆ ನಮ್ಮಜ್ಜ ಅಣ್ಣಂದಿರಿಬ್ಬರ ಸೊಂಟಕ್ಕೆ ಹಗ್ಗ, ಬೆನ್ನಿಗೆ ಬೆಂಡು ಕಟ್ಟಿ ಹೊಲದ ಬಾವಿಗೆ ಇಳಿಸುತ್ತಿದ್ದರು. ಬಾವಿಯ ದಂಡೆಯ ಮೇಲೆ ಕುಳಿತು ಅವರ ಅಂಗಿ, ಚಡ್ಡಿ ಕಾಯುವುದು ನನ್ನ ಕೆಲಸ. ಒಮ್ಮೆ “ನಂಗೂ ಬೆಂಡ ಕಟ್ಟಬೇ” ಎಂದು ಅವ್ವನ ಬೆನ್ನು ಹತ್ತಿದ್ದಕ್ಕೆ, “ತೊಯ್ಸಿಕೊಂಡು ಮಂದಿ ಮುಂದ ಹೆಂಗ ಬರ್ತಿ?” ಎಂದಿದ್ದಳು. ಮುಂದೆ ವಿಜಾಪುರಕ್ಕೆ ಶಾಲೆಗೆ ಬಂದ ಮೇಲೆ, 1620ರಲ್ಲಿ ಕಟ್ಟಿದ ತಾಜ್ ಬಾವಡಿಯ ಕಮಾನಿನ ಹತ್ತಿರ ಎಷ್ಟೋ ಸಲ ನಿಂತಿದ್ದೇನೆ. ರಾಣಿಯೊಬ್ಬಳ ಹೆಸರಿನ ಆ ಬಾವಡಿಯಲ್ಲೂ ಹಾರುತ್ತಿದ್ದವರೆಲ್ಲ ಹುಡುಗರೇ.

ನಮ್ಮ ಅವ್ವನನ್ನು ದೂರಿ ಪ್ರಯೋಜನವಿಲ್ಲ. ಅವಳಿಗೂ ಈಸು ಬರುತ್ತಿರಲಿಲ್ಲ. ಬಾರದ್ದನ್ನು ನಾವು ತಲೆಮಾರಿನಿಂದ ತಲೆಮಾರಿಗೆ ಬಳುವಳಿಯ ಹಾಗೆ ಕೊಡುತ್ತ ಬಂದೆವು. ಆ ಅಜ್ಜಿಯ ಮನೆಯಲ್ಲಿ ಬರುವುದನ್ನೇ ಎಣ್ಣೆಡಬ್ಬಿ ಕಟ್ಟಿ ಕೊಡುತ್ತಿದ್ದಾರೆ. ಶಾಸನದ ಕಂಬದ ಹತ್ತಿರ ತಾಯಿ, ಅಜ್ಜಿಯರ ಹೆಸರೆಂದು ಅಷ್ಟು ದೊಡ್ಡದಾಗಿ ಮಾತನಾಡಿ ಬಂದವಳಿಗೆ ಇದು ಅಲ್ಲಿಯೇ ಹೊಳೆಯಬೇಕಿತ್ತು.

ನನ್ನ ಸುಳ್ಳನ್ನು ಅಜ್ಜಿ ನಂಬಿದಳು. ನಂಬಿದ್ದಷ್ಟೇ ಅಲ್ಲ, ಮೆಟ್ಟಿಲ ಮೇಲಿದ್ದ ಕೈಚೀಲವನ್ನು ತೋರಿಸಿ, “ಅರಬಿಗೇನವ್ವಾ, ನಂದೊಂದು ಒಣಾ ಸೀರಿ ಐತಿ, ಉಟಗೊಂಡು ಬಾ. ನಾ ಹಸೀದ್ರಾಗ ಊರ ಮುಟ್ಟತೀನಿ,” ಎಂದಳು. ಹಸಿರು ಅಂಚಿನ, ನಾಲ್ಕಾಗಿ ಮಡಚಿದ ಸೀರೆ ಚೀಲದಿಂದ ಇಣುಕುತ್ತಿತ್ತು. “ಬ್ಯಾಡ್ರಿ, ಹೊತ್ತಾತು,” ಎಂದು ನಾನು ಗಡಿಯಾರ ನೋಡಿಕೊಂಡೆ. ಆಗಿನ್ನೂ ಹತ್ತೂವರೆ.

ತಿರುಗಿ ಬರುವಾಗ ಕೊಲ್ಹಾರದ ಸೇತುವೆಯ ಮೇಲೆ ಎರಡೂ ಬದಿಗೆ ಕೃಷ್ಣೆ ಹರಡಿಕೊಂಡಿದ್ದಳು. ಹಿಂದಿನ ಸೀಟಿನಲ್ಲಿ ಒದ್ದೆ ಕೂದಲು ಆರಿಸಿಕೊಳ್ಳುತ್ತಿದ್ದ ಮಗಳು ಇದ್ದಕ್ಕಿದ್ದಂತೆ ಕೇಳಿದಳು: “ಅಮ್ಮಾ, ನಿಂದೊಂದು ಚೂಡಿದಾರ ಬ್ಯಾಗಿನ್ಯಾಗ ಇತ್ತಲ್ಲ?”

ಯಜಮಾನರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ನಾನು ಕಿಟಕಿಯ ಗಾಜು ಇಳಿಸಿ, ಸೇತುವೆ ಮುಗಿಯುವವರೆಗೂ ನೀರನ್ನೇ ನೋಡುತ್ತ ಕುಳಿತೆ.