ಬೆಳಕು ತಳ್ಳುತ್ತದೆ ಸರಿ, ಹಿಡಿಯುವುದು ಹೇಗೆ?

ಲೇಸರ್ ಚಿಮುಟದ (ಬೆಳಕಿನಿಂದಲೇ ಸಣ್ಣ ಕಣ ಹಿಡಿಯುವ ಸಾಧನ) ಮಾತು ತೆಗೆದರೆ ಸಾಕು, ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಟಾರ್ಚ್ ಬಿಟ್ಟರೆ ಧೂಳು ಕೂಡ ಅಲುಗಾಡಲ್ಲ. ಬೆಳಕು ಕಣವನ್ನು ಹಿಡಿದು ನಿಲ್ಲಿಸುತ್ತೆ ಅಂದ್ರೆ ನಂಬೋದು ಹೇಗೆ?"

ಸಂದೇಹ ಸರಿಯಾದದ್ದೇ. 1 ಮಿಲಿವ್ಯಾಟ್ ಬೆಳಕನ್ನು ಪೂರ್ತಿ ಹೀರಿಕೊಂಡ ವಸ್ತುವಿನ ಮೇಲೆ ಬೀಳುವ ಬಲ ಸುಮಾರು 3 ಪಿಕೋನ್ಯೂಟನ್. ಒಂದು ನ್ಯೂಟನ್ನನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಮೂರು ಪಾಲು ತೆಗೆದುಕೊಂಡಷ್ಟು. ನಮಗಿದು ಲೆಕ್ಕಕ್ಕೇ ಇಲ್ಲ. ಆದರೆ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಗಲದ ಗಾಜಿನ ಗುಂಡಿನ ತೂಕಕ್ಕೆ ಹೋಲಿಸಿದರೆ ಇದು ನೂರಾರು ಪಟ್ಟು ಜಾಸ್ತಿ!

ತಳ್ಳುವುದಾಯಿತು, ಎಳೆಯುವುದು? ಗುಂಡಿನೊಳಗೆ ಹೋದ ಬೆಳಕು ಬಾಗಿ ಹೊರಬರುತ್ತದೆ. ಗುಂಡು ಬೆಳಕನ್ನು ಒಂದು ಕಡೆ ಬಾಗಿಸಿದರೆ ಬೆಳಕು ಗುಂಡನ್ನು ಇನ್ನೊಂದು ಕಡೆ ದೂಡುತ್ತದೆ. ಮೈಕ್ರೋಸ್ಕೋಪಿನ ಲೆನ್ಸಿನಿಂದ ಲೇಸರನ್ನು ಒಂದೇ ಚುಕ್ಕೆಗೆ ಕೂಡಿಸಿದರೆ, ಆ ದೂಡುವಿಕೆ ಗುಂಡನ್ನು ಚುಕ್ಕೆಯ ಕಡೆಗೇ ತರುತ್ತದೆ. ಟಾರ್ಚಿನ ಹರಡಿದ ಬೆಳಕಿನಲ್ಲಿ ಅಂಥ ಚುಕ್ಕೆಯೇ ಇಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ ಆರ್ಥರ್ ಆಶ್ಕಿನ್ 1970ರಲ್ಲಿ ಎದುರುಬದುರು ಎರಡು ಕಿರಣ ಹಾಯಿಸಿ ಗುಂಡು ಹಿಡಿದರು. ಒಂದೇ ಕಿರಣದಲ್ಲಿ ಹಿಡಿಯಲು 1986 ಬಂತು. ನೊಬೆಲ್ ಸಿಕ್ಕಿದ್ದು 2018ರಲ್ಲಿ, 96ನೇ ವಯಸ್ಸಿಗೆ.

ಈಗ ನನಗೆ ಇಷ್ಟವಾದ ಭಾಗ. ಎಳೆತ ಬಲವಾಗಲು ಕಣದ ವಕ್ರೀಭವನಾಂಕ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಸುತ್ತಲಿನ ನೀರಿಗಿಂತ ಜಾಸ್ತಿ ಇರಬೇಕು. ನೀರಿನದು 1.33, ಗಾಜಿನದು 1.45ರ ಆಸುಪಾಸು. ವ್ಯತ್ಯಾಸ ಚಿಕ್ಕದು, ಹಾಗಾಗಿ ಹಿಡಿತ ಸಡಿಲ. ಹಾಗಂತ 3.5ರ ಸಿಲಿಕಾನ್ ಗುಂಡು ಹಾಕಿದರೆ ಅದು ಬೆಳಕನ್ನು ಸಿಕ್ಕಾಪಟ್ಟೆ ಚದುರಿಸುತ್ತದೆ. ತಳ್ಳುವಿಕೆ ಗೆದ್ದು ಗುಂಡು ಮುಂದೆ ಓಡುತ್ತದೆ. ಅಂಕ ನೀರಿಗಿಂತ ಕಡಿಮೆ ಇರುವ ಗಾಳಿಗುಳ್ಳೆಯಂತೂ ಚುಕ್ಕೆಯಿಂದ ಪಕ್ಕಕ್ಕೇ ಜಾರುತ್ತದೆ.

ಬೆಳಕನ್ನು ಬದಲಾಯಿಸುವ ಬದಲು ಕಣವನ್ನೇ ಬದಲಾಯಿಸಿದರೆ? 2012ರಲ್ಲಿ ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಗುಂಡಿಗೆ ಕಡಿಮೆ ವಕ್ರೀಭವನಾಂಕದ ಹೊದಿಕೆ ಕೊಟ್ಟು ಹಿಡಿದರು. ಕನ್ನಡಕದ ಗಾಜಿಗೆ ಕೋಟಿಂಗ್ ಹಾಕಿಸುತ್ತೇವಲ್ಲ, ಅದೇ ಉಪಾಯ. ಪ್ರತಿಫಲನ ತಗ್ಗಿತು, ಬಲ 1 ನ್ಯಾನೋನ್ಯೂಟನ್ ದಾಟಿತು, ಅಂದರೆ ಸಾವಿರ ಪಿಕೋನ್ಯೂಟನ್. ಕಟ್ಟುನಿಟ್ಟಾಗಿ ಹೇಳಿದರೆ ಇದು ಮೆಟಾಮೆಟೀರಿಯಲ್ (ಬೇಕಾದ ಗುಣ ಬರುವಂತೆ ಕಟ್ಟಿದ ಕೃತಕ ವಸ್ತು) ಅಲ್ಲ, ಆದರೆ ಅದರ ದಾರಿಯೇ. ಮೆಟಾಮೆಟೀರಿಯಲ್ಲಿನಲ್ಲಿ ಬೆಳಕಿನ ಅಲೆಯುದ್ದಕ್ಕಿಂತ ಚಿಕ್ಕ ಚೂರುಗಳನ್ನು ಜೋಡಿಸುತ್ತಾರೆ. ಬೆಳಕಿಗೆ ಚೂರುಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ, ಸರಾಸರಿ ಮಾತ್ರ ಕಾಣುತ್ತದೆ. ಜೋಡಣೆ ಬದಲಿಸಿದರೆ ಅಂಕವೂ ಬದಲಾಗುತ್ತದೆ.

ಚೂರುಗಳು ಚಿನ್ನದವಾದರೆ ಮಾತ್ರ ಒಂದು ತಾಪತ್ರಯ. ಲೋಹ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಲೇಸರ್ ಜೋರಾದರೆ ಸುತ್ತಲಿನ ನೀರು ಗುಳ್ಳೆ ಏಳುತ್ತದೆ, ಹಿಡಿದ ಕಣವೂ ಕೈಬಿಟ್ಟು ಹೋಗುತ್ತದೆ.