ಇಲ್ಲ, ಸೆಲ್ ಮೇಲೆ ಸೋಲ್ಡರ್ ಮಾಡಬೇಡಿ

"ಮನೇಲೇ ಬ್ಯಾಟರಿ ಪ್ಯಾಕ್ ಮಾಡೋಕೆ ಸೆಲ್‌ಗೆ ನಿಕಲ್ ಪಟ್ಟಿ ಕರೆಂಟಿನಿಂದ ಬೆಸೆಯೋ ಸ್ಪಾಟ್ ವೆಲ್ಡರ್ ಯಾಕೆ ಸಾರ್? ಸುಮ್ನೆ ಒಂದು ಟಚ್ ಸೋಲ್ಡರ್ ಕೊಟ್ರೆ ಆಗಲ್ವಾ?"

ಆಗಲ್ಲ. ಮುಂದಿನ ಮಾತೂ ಗೊತ್ತು: "ನಮ್ಮ ಭಾವ ಮಾಡಿದ್ದಾರೆ, ಏನೂ ಆಗಿಲ್ಲ." ಭಾವನಿಗೆ ನನ್ನ ನಮಸ್ಕಾರ ತಿಳಿಸಿ.

ನನ್ನ ತಲೆ ಕೆಡಿಸೋದು ಆ 'ಒಂದು ಟಚ್'. ಪರಿಚಯದ ಹುಡುಗನೊಬ್ಬ ಅದನ್ನು ತೋರಿಸಲೆಂದೇ ಮನೆಗೆ ಬಂದಿದ್ದ. ಕೈಯಲ್ಲಿ 18650 ಅನ್ನೋ ಉರುಳೆಯಾಕಾರದ ಒಂದು ಲಿಥಿಯಂ ಸೆಲ್, 25 ವ್ಯಾಟಿನ ಸೋಲ್ಡರಿಂಗ್ ಐರನ್. ಸೆಲ್‌ನ ತಳ ಉಕ್ಕಿನದು, ಕೊಟ್ಟ ಬಿಸಿಯನ್ನೆಲ್ಲ ನುಂಗುತ್ತದೆ. ಲೆಡ್, ಅಂದ್ರೆ ಸೋಲ್ಡರ್, ಮಣಿಯಾಗಿ ಉರುಳಿ ಮೇಜಿನ ಮೇಲೆ ಬಿತ್ತು. ಉಪ್ಪುಕಾಗದದಲ್ಲಿ ಉಜ್ಜಿದ, ಪೇಸ್ಟ್ ಹಚ್ಚಿದ, ಐರನ್ ಒತ್ತಿ ಹಿಡಿದೇ ಹಿಡಿದ. ಅಂತೂ ಲೆಡ್ ಹಿಡಿಯಿತು. ಅಷ್ಟರಲ್ಲಿ ಸೆಲ್ ಮುಟ್ಟಲಾಗದಷ್ಟು ಸುಡುತ್ತಿತ್ತು. "ನೋಡಿದ್ರಾ ಅಣ್ಣ, ಕೂತ್ಕೊಂಡ್ತು!"

ಹೊರಗೆ ಕೂತಿತು, ಸರಿ. ಒಳಗೆ? ಮಾಮೂಲಿ ಲೆಡ್ ಕರಗೋದೇ 183 ಡಿಗ್ರಿಗೆ. ಸೆಲ್ ಒಳಗೆ ಪ್ಲಸ್, ಮೈನಸ್ ಪದರಗಳು ಒಂದಕ್ಕೊಂದು ತಾಗದಂತೆ ತಡೆಯುವ ಪಾಲಿಥಿನ್ ಹಾಳೆ ಸುಮಾರು 130ಕ್ಕೇ ಕರಗಲು ಶುರು. ಪ್ಲಸ್ ಕಡೆ ಪ್ಲಾಸ್ಟಿಕ್ ಸೀಲ್, ಒತ್ತಡ ಬಿಡುವ ವೆಂಟ್ ಬೇರೆ ಇವೆ. ಸ್ಪಾಟ್ ವೆಲ್ಡರ್ ಕೆಲವೇ ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ. ಬಿಸಿ ಒಳಗಿಳಿಯಲು ಪುರುಸೊತ್ತೇ ಇರಲ್ಲ.

ಹಾಗಂತ ನಾನು ಸೋಲ್ಡರಿಂಗ್ ವಿರೋಧಿಯಲ್ಲ. ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್ ಬೋರ್ಡ್) ವೈರ್‌ಗಳನ್ನು ನಿಕಲ್ ಪಟ್ಟಿಗೆ ನಾನೂ ಸೋಲ್ಡರ್ ಮಾಡುತ್ತೇನೆ. ಆದರೆ ಪಟ್ಟಿ ಸೆಲ್‌ಗೆ ಅಂಟುವ ಮೊದಲೇ. ಆಮೇಲೆ ಮಾಡಲೇಬೇಕಾದರೆ ಎರಡು ಸೆಲ್ ನಡುವಿನ ಜಾಗದಲ್ಲಿ, 60 ವ್ಯಾಟಿನ ಅಗಲ ತುದಿಯ ಐರನ್‌ನಲ್ಲಿ. ದೊಡ್ಡ ಐರನ್ ಅಂದ್ರೆ ಹೆದರುತ್ತಾರೆ. ಸಣ್ಣದನ್ನು ಜಾಸ್ತಿ ಹೊತ್ತು ಒತ್ತಿ ಹಿಡಿಯೋದೇ ಅಪಾಯ.

ಸರಿ, ಸೆಲ್ ಎಲ್ಲಿಂದ ತಂದಿರಿ? ಇದನ್ನು ಯಾಕೆ ಯಾರೂ ಮಾತಾಡಲ್ಲ? ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದದ್ದಾ? ಅಥವಾ ಮೈಮೇಲೆ 9900 ಎಂಎಎಚ್ ಸಾಮರ್ಥ್ಯ ಅಂತ ಬರೆದುಕೊಂಡ ಅಗ್ಗದ ಮಾಲಾ? 18650ರೊಳಗೆ ಅಷ್ಟು ಹಿಡಿಯೋದೇ ಇಲ್ಲ. ಒಳ್ಳೇ ಕಂಪನಿಯದಕ್ಕೇ 3500ರ ಆಸುಪಾಸು. ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸುವ ಮುನ್ನ ಒಂದೊಂದರ ವೋಲ್ಟೇಜ್ ನೋಡಿದಿರಾ? ಒಂದು 4.1, ಪಕ್ಕದ್ದು 3.4 ಇದ್ದರೆ ಜೋಡಿಸಿದ ಕ್ಷಣವೇ ಒಂದರಿಂದ ಇನ್ನೊಂದಕ್ಕೆ ಕರೆಂಟ್ ನುಗ್ಗುತ್ತದೆ. ಆಗ ನಿಮ್ಮ ಜಾಯಿಂಟ್ ಎಷ್ಟು ಚೆನ್ನಾಗಿದೆಯೋ ಅಷ್ಟೂ ಕೆಟ್ಟದ್ದು.

ಸ್ಪಾಟ್ ವೆಲ್ಡರ್‌ಗೆ ದುಡ್ಡಿಲ್ಲ ಅಂತೀರಾ? ಟ್ಯಾಬ್ (ಸಣ್ಣ ಲೋಹದ ಪಟ್ಟಿ) ಹಚ್ಚಿರುವ ಸೆಲ್‌ಗಳೇ ಸಿಗುತ್ತವೆ, ತನ್ನಿ. ಆ ಟ್ಯಾಬಿನ ತುದಿಗೆ ನಿಮ್ಮ ಟಚ್ ಧಾರಾಳವಾಗಿ ಕೊಡಿ.