ಘಟ್ಟ ಹತ್ತೋದಾ ಇಳಿಯೋದಾ, ಒಂದು ಮ್ಯಾಪ್ ಪುರಾಣ

ನಮ್ಮಮ್ಮ ಪುತ್ತೂರು ಕಡೆಯವರು, ಅಪ್ಪ ಹಾಸನ. ಅಜ್ಜಿ ಮನೆಗೆ ಹೊರಟಾಗಲೆಲ್ಲ ಅಪ್ಪ "ಸಕಲೇಶಪುರ ದಾಟಿದ್ರೆ ಆಮೇಲೆ ಘಟ್ಟ ಇಳಿಯೋದೊಂದೇ" ಅನ್ನೋರು, ವಾಪಸ್ ಬರೋವಾಗ ಅಮ್ಮ "ಇನ್ನು ಘಟ್ಟ ಹತ್ಲಿಕ್ಕುಂಟಲ್ಲ ಮಾರಾಯ್ರೆ" ಅಂತ ವಾಂತಿ ಮಾತ್ರೆ ಹುಡುಕೋರು. ನನಗೆ ಚಿಕ್ಕವಳಿದ್ದಾಗಿಂದ ಒಂದು ಡೌಟ್ ಇತ್ತು. ಹಾಸನದಿಂದ ಹೋಗ್ತಾ ದೊಡ್ಡ ಬೆಟ್ಟ ಅಂತ ಹತ್ತೋದೇ ಇಲ್ವಲ್ಲ, ಬರೀ ಇಳಿಯೋದು, ಹಾಗಾದ್ರೆ ಪುಸ್ತಕದಲ್ಲಿರೋ ಆ ಪಶ್ಚಿಮ ಘಟ್ಟದ ಸಾಲು ಎಲ್ಲಿ ಹೋಯ್ತು?

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷ ಆದ್ಮೇಲೆ, ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ಒಂದನ್ನ, ಅಂದ್ರೆ ನೆಲದ ಎತ್ತರ ತಗ್ಗನ್ನೂ ಗೆರೆಗಳಲ್ಲಿ ತೋರಿಸೋ ಸರ್ಕಾರಿ ಮ್ಯಾಪನ್ನ, ಮೊದಲ ಸಲ ಟೇಬಲ್ ಮೇಲೆ ಹರಡಿಕೊಂಡಾಗ. ಈಗ ಅಕ್ಕನ ಮಗಳು ಒಂಬತ್ತನೇ ಕ್ಲಾಸು, ಮೊನ್ನೆ ಫೋನ್ ಮಾಡಿ "ಚಿಕ್ಕಮ್ಮ, ಈ ಸಮೋನ್ನತಿ ರೇಖೆ ಅಂದ್ರೆ ಏನು, ಬಾಯಿಪಾಠ ಆಗಿದೆ ಆದ್ರೆ ಅರ್ಥ ಆಗಿಲ್ಲ" ಅಂದ್ಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ಸಮೋನ್ನತಿ ರೇಖೆ ಅಂದ್ರೆ ಕಾಂಟೂರ್ ಗೆರೆ. ಒಂದೇ ಎತ್ತರದಲ್ಲಿರೋ ಜಾಗಗಳನ್ನೆಲ್ಲ ಸೇರಿಸಿ ಎಳೆದ ಗೆರೆ, ಅಷ್ಟೇ ಡೆಫಿನಿಷನ್ನು, ಆದ್ರೆ ಇದು ತಲೆಗೆ ಹೋಗಲ್ಲ. ಅವಳಿಗೆ ಗೊರೂರು ಡ್ಯಾಮ್ ಹಿನ್ನೀರು ನೆನಪಿಸಿದೆ, ಶೆಟ್ಟಿಹಳ್ಳಿಯ ಮುಳುಗೋ ಚರ್ಚ್ ನೋಡೋಕೆ ಹೋಗಿದ್ವಲ್ಲ ಅಂತ. ಬೇಸಿಗೇಲಿ ನೀರು ಇಳೀತಾ ಇಳೀತಾ ದಡದ ಮಣ್ಣಲ್ಲಿ ಒಂದರ ಕೆಳಗೊಂದು ಗೆರೆ ಬಿಟ್ಟು ಹೋಗಿರುತ್ತೆ ನೋಡಿ, ಮೆಟ್ಟಿಲು ಥರ. ನಿಂತ ನೀರಿನ ಅಂಚು ಎಲ್ಲಾ ಕಡೆ ಒಂದೇ ಮಟ್ಟದಲ್ಲಿರ್ಲೇಬೇಕು, ಅದಕ್ಕೇ ಆ ಒಂದೊಂದು ಗೆರೆಯೂ ಒಂದೊಂದು ಕಾಂಟೂರ್. ಅದನ್ನ ಆಕಾಶದಿಂದ ನೋಡಿ ಕಾಗದದ ಮೇಲೆ ಬರೆದ್ರೆ ಮ್ಯಾಪು. ದಡ ಕಡಿದಾಗಿರೋ ಕಡೆ ಗೆರೆಗಳು ಒತ್ತೊತ್ತಾಗಿ ಬರುತ್ತೆ, ಚಪ್ಪಟೆ ಇರೋ ಕಡೆ ದೂರ ದೂರ. ಎರಡು ಗೆರೆ ಒಂದನ್ನೊಂದು ಯಾಕೆ ಕತ್ತರಿಸಲ್ಲ ಅನ್ನೋದೂ ಇಲ್ಲೇ ಗೊತ್ತಾಗುತ್ತೆ, ಒಂದೇ ಜಾಗ ಎರಡು ಎತ್ತರದಲ್ಲಿ ಇರೋಕಾಗುತ್ತಾ.

1:50,000 ಶೀಟಲ್ಲಿ ಈ ಗೆರೆಗಳು ಕಂದು ಬಣ್ಣ, ಸಾಮಾನ್ಯವಾಗಿ ಒಂದರಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ, ಐದನೇ ಗೆರೆ ಸ್ವಲ್ಪ ದಪ್ಪ, ಅಂದ್ರೆ ದಪ್ಪ ಗೆರೆಯಿಂದ ದಪ್ಪ ಗೆರೆಗೆ 100 ಮೀಟರ್. ಎತ್ತರ ಅಂದ್ರೆ ಎಲ್ಲಿಂದ? ಸಮುದ್ರದ ಸರಾಸರಿ ಮಟ್ಟದಿಂದ. ರೈಲ್ವೇ ಸ್ಟೇಷನ್ನಿನ ಹಳದಿ ಬೋರ್ಡಲ್ಲಿ ಊರಿನ ಹೆಸರಿನ ಕೆಳಗೆ ಎಂಎಸ್‌ಎಲ್ ಅಂತ ಬರೆದಿರೋದು ಅದನ್ನೇ. 1:50,000 ಅಂದ್ರೆ ಸ್ಕೇಲು, ಮ್ಯಾಪಲ್ಲಿ 2 ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ 1 ಕಿಲೋಮೀಟರ್. ಇಲ್ಲಿ ಎಲ್ಲರಿಗೂ ಒಂದು ಗೊಂದಲ ಆಗುತ್ತೆ, ದೊಡ್ಡ ಸ್ಕೇಲ್ ಮ್ಯಾಪ್ ಅಂದ್ರೆ ದೊಡ್ಡ ದೇಶ ತೋರಿಸೋದಲ್ಲ, ಉಲ್ಟಾ, ಚಿಕ್ಕ ಜಾಗವನ್ನ ದೊಡ್ಡದಾಗಿ ತೋರಿಸೋದು.

ಈಗ ಅಪ್ಪ ಅಮ್ಮನ ಜಗಳಕ್ಕೆ ಬರೋಣ. ಹಾಸನ ಆಗಲೇ 900 ಮೀಟರಿಗೂ ಮೇಲಿರೋ ಊರು. ದಖನ್ ಪ್ರಸ್ಥಭೂಮಿ ಅಂತಾರಲ್ಲ, ಅದೊಂದು ಎತ್ತರದ ಜಗಲಿ ಅಂದ್ಕೊಳ್ಳಿ, ಅದರ ಪಶ್ಚಿಮದ ಅಂಚು ಇದ್ದಕ್ಕಿದ್ದಂಗೆ ಕರಾವಳಿ ಕಡೆಗೆ ಕುಸಿದ ಹಂಗಿದೆ. ಆ ಅಂಚೇ ಘಟ್ಟ. ಜಗಲಿ ಮೇಲಿನಿಂದ ಹೊರಟವರಿಗೆ ಇಳಿಯೋದು, ಅಂಗಳದಿಂದ ಬರೋರಿಗೆ ಹತ್ತೋದು. ಇಂಗ್ಲಿಷಲ್ಲಿ ಇದಕ್ಕೆ ಎಸ್ಕಾರ್ಪ್‌ಮೆಂಟ್ ಅಂತಾರೆ, ನನಗೇನೋ "ಘಟ್ಟದ ಮೇಲೆ, ಘಟ್ಟದ ಕೆಳಗೆ" ಅನ್ನೋ ನಮ್ಮ ಮಾತಲ್ಲೇ ಇನ್ನೂ ಚೆನ್ನಾಗಿ ಅರ್ಥ ಇದೆ ಅನ್ಸುತ್ತೆ. ಶೀಟಲ್ಲಿ ನೋಡಿದ್ರೆ ಸಕಲೇಶಪುರದ ಪೂರ್ವಕ್ಕೆ ಗೆರೆಗಳು ಆರಾಮಾಗಿ ಹರಡಿಕೊಂಡಿರುತ್ತೆ, ಪಶ್ಚಿಮಕ್ಕೆ ಬಂದ್ರೆ ಕಂದು ಬಣ್ಣ ಬಳಿದಂಗೆ ಒತ್ತಾಗಿರುತ್ತೆ. ಮುಖ್ಯ ಬೆಟ್ಟಗಳೂ ಇದಾವೆ ಅನ್ನಿ, ಕುಮಾರಪರ್ವತ 1,712 ಮೀಟರ್, ಆದ್ರೆ ಅವು ಜಗಲಿ ಅಂಚಲ್ಲಿ ಇಟ್ಟ ಕೊಡಗಳ ಥರ.

ರೈಲಿನವರಿಗೆ ಈ ಅಂಚು ಎಷ್ಟು ಕಷ್ಟ ಕೊಟ್ಟಿದೆ ಅಂದ್ರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಮೀ ದಾರಿ, ಅದರಲ್ಲಿ 57 ಸುರಂಗ. ಅಲ್ಲಿ ಇಳಿಜಾರು 50ಕ್ಕೆ 1, ಅಂದ್ರೆ 50 ಮೀಟರ್ ಮುಂದೆ ಹೋದ್ರೆ 1 ಮೀಟರ್ ಇಳಿಯುತ್ತೆ, ಇದನ್ನೇ ಗ್ರೇಡಿಯಂಟ್ ಅನ್ನೋದು. ನಮಗೆ ನಡೆಯೋವಾಗ ಅದು ಇಳಿಜಾರು ಅಂತಾನೂ ಗೊತ್ತಾಗಲ್ಲ, ರೈಲಿಗೆ ಮಾತ್ರ ಹಿಂದೆ ಇನ್ನೂ ಎಂಜಿನ್ ಕಟ್ಟಬೇಕು.

ಗೆರೆ ಓದೋಕೆ ಬಂದ್ರೆ ಮಿಕ್ಕಿದ್ದು ತಾನಾಗೇ ಬರುತ್ತೆ. ಗೆರೆಗಳು ವಿ ಆಕಾರದಲ್ಲಿ ಮಡಚಿ ವಿ-ಯ ಚೂಪು ಎತ್ತರದ ಕಡೆ ತಿರುಗಿದ್ರೆ ಅದು ಹಳ್ಳ, ತಗ್ಗಿನ ಕಡೆ ತಿರುಗಿದ್ರೆ ಬೆಟ್ಟದ ಏಣು, ಅಂದ್ರೆ ಬೆಟ್ಟದ ಬೆನ್ನು, ಇಂಗ್ಲಿಷಲ್ಲಿ ರಿಡ್ಜ್. ಎರಡು ಶಿಖರದ ನಡುವೆ ಸ್ವಲ್ಪ ತಗ್ಗಿದ್ರೆ ಸ್ಯಾಡಲ್, ಕುದುರೆ ಜೀನಿನ ಥರ. ಇದು ಗೊತ್ತಿಲ್ದೆ ನಾನೊಂದ್ಸಲ ಫೋನಲ್ಲಿ "3 ಕಿಮೀ" ಅಂತ ನೋಡ್ಕೊಂಡು ಒಂದು ಗಂಟೆ ಸಾಕು ಅಂತ ಹೊರಟು, ನಡುವೆ ಎರಡು ಹಳ್ಳ ಇಳಿದು ಹತ್ತಿ, ಕತ್ತಲಾಗಿ, ಜಿಗಣೆ ಕಚ್ಚಿಸಿಕೊಂಡು ಬಂದಿದ್ದು ಬೇರೆ ಕಥೆ.

ಏಣಿನ ವಿಷಯಕ್ಕೆ ಬಂದ್ರೆ ಬಿಸಿಲೆ ಹತ್ರ ಮಂಕನಹಳ್ಳಿಯಲ್ಲಿ ಒಂದು ಕಲ್ಲಿದೆ, ರಿಡ್ಜ್ ಅಂತ ಬರೆದು ಒಂದು ಕಡೆಗೆ ಅರಬ್ಬೀ ಸಮುದ್ರ, ಇನ್ನೊಂದು ಕಡೆಗೆ ಬಂಗಾಳ ಕೊಲ್ಲಿ ಅಂತ ತೋರಿಸಿದಾರೆ. ಪುಸ್ತಕದ ಭಾಷೇಲಿ ಜಲವಿಭಾಜಕ. ಈ ಕಡೆ ಬಿದ್ದ ಮಳೆ ಕುಮಾರಧಾರಾ ಸೇರಿ, ಉಪ್ಪಿನಂಗಡೀಲಿ ನೇತ್ರಾವತಿ ಕೂಡಿ, ಮಂಗಳೂರಲ್ಲಿ ಸಮುದ್ರ. ನೇರ ಗೆರೆ ಎಳೆದ್ರೆ 100 ಕಿಮೀ ಒಳಗೇ. ಒಂದು ಮಾರು ಆ ಕಡೆ ಬಿದ್ದ ಮಳೆಗೆ ಕಾವೇರಿ ದಾರಿ, ಕೆಆರ್‌ಎಸ್, ಮೆಟ್ಟೂರು, ತಮಿಳುನಾಡೆಲ್ಲ ಸುತ್ತಿಕೊಂಡು ಬಂಗಾಳ ಕೊಲ್ಲಿ. ಒಂದೇ ಮೋಡದ ನೀರು! ಕಲ್ಲು ನೋಡೋಕೆ ಏನೂ ಇಲ್ಲ, ಗಾಡಿ ನಿಲ್ಲಿಸದೆ ಹೋದ್ರೆ ಗೊತ್ತೂ ಆಗಲ್ಲ, ಆದ್ರೂ ನನಗೆ ವ್ಯೂ ಪಾಯಿಂಟಿಗಿಂತ ಅದೇ ಇಷ್ಟ.

ಅಕ್ಷಾಂಶ ರೇಖಾಂಶ ಎಲ್ಲರಿಗೂ ಗೊತ್ತಿರೋದೇ, ಒಂದೇ ಮಾತು ಹೇಳಿ ಬಿಡ್ತೀನಿ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಭೂಮಿ ಒಂದು ಡಿಗ್ರಿ ತಿರುಗೋಕೆ 4 ನಿಮಿಷ, ಬೆಂಗಳೂರು ಇರೋದು 77.6ರ ಹತ್ರ. ಅದಕ್ಕೇ ಸರಾಸರಿ ನೋಡಿದ್ರೆ ಬೆಂಗಳೂರಲ್ಲಿ ಸೂರ್ಯ ನೆತ್ತಿಗೆ ಬರೋದು 12 ಗಂಟೆಗಲ್ಲ, ಹತ್ತತ್ರ 12:20ಕ್ಕೆ. ಮಂಗಳೂರಲ್ಲಿ 12:30.

ನೋಡ್ಬೇಕು ಅನ್ನೋರಿಗೆ ಸರ್ವೆ ಆಫ್ ಇಂಡಿಯಾ ಸೈಟಲ್ಲಿ ಶೀಟ್‌ಗಳ ಪಿಡಿಎಫ್ ಸಿಗುತ್ತೆ. ಕುಮಾರಪರ್ವತ, ಬಿಸಿಲೆ ಎಲ್ಲ ಹಳೇ ನಂಬರಿನ ಪ್ರಕಾರ 48 ಪಿ/10ರಲ್ಲಿದೆ. ಅಕ್ಕನ ಮಗಳಿಗೂ ಅದನ್ನೇ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಮೆಸೇಜ್ ಬಂತು: "ಚಿಕ್ಕಮ್ಮ, ಅಜ್ಜಿ ಮನೆ ದಾರಿ ನೋಡ್ತಿದ್ದೆ, ಗೆರೆ ಎಣಿಸೋಕೇ ಆಗ್ತಿಲ್ಲ, ವಾಂತಿ ಬರೋ ಹಂಗಾಗ್ತಿದೆ."